ಉಪದೇಶಪೀಠವೂ ಯಂತ್ರಶಾಲೆಯೂ

ಕ್ರೈಸ್ತರಲ್ಲಿ, ಅದರಲ್ಲಿಯೂ ಪ್ರೊಟೆಸ್ಟೆಂಟ್ ಮತದವರಲ್ಲಿ, ಆದಿತ್ಯವಾರದ ಆರಾಧನೆಗೆ ಪ್ರಸಂಗವೇ ಜೀವಾಳವೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ವೇದವಾಕ್ಯವೊಂದನ್ನು ಆರಿಸಿಕೊಂಡು, ಅದರ ಅರ್ಥವನ್ನು ಬಿಡಿಸಿ, ಕೇಳುವವರ ಬಾಳಿಗೆ ಹೊಂದಿಸಿ ಹೇಳುವ ಭಾರವು ಸಭಾಪಾಲಕನಾದ ಪಾದ್ರಿಯ ಮೇಲೆ ಬಿದ್ದಿರುವುದು. ವಾರದ ಮಿಕ್ಕ ದಿನಗಳು ರೋಗಿಗಳ ಭೇಟಿ, ಮದುವೆ, ಮಣ್ಣು, ಶಾಲೆಯ ತನಿಖೆ, ಬಡವರ ಮೊರೆ ಇವುಗಳಲ್ಲಿ ಕಳೆದುಹೋಗುವುದರಿಂದ ಪ್ರಸಂಗದ ಸಿದ್ಧತೆಗೆ ಕಡೆಗೆ ಉಳಿಯುವುದು ಶನಿವಾರವೊಂದೇ. ಆದರೆ ರೋಮನ್ ಮತದ ಗುರುವಿನಂತೆ ಪ್ರೊಟೆಸ್ಟೆಂಟ್ ಪಾದ್ರಿಯು ಬ್ರಹ್ಮಚರ್ಯಕ್ಕೆ ಕಟ್ಟುಬಿದ್ದವನಲ್ಲ. ಸಾಮಾನ್ಯವಾಗಿ ಹೆಂಡತಿ ಮಕ್ಕಳುಳ್ಳ ಗೃಹಸ್ಥನು. ಸೋರುವ ಮಾಡು, ನಿಂತುಹೋದ ಗಡಿಯಾರ, ಗಾಡಿಯ ಕಳಚಿದ ಚಕ್ರ ಇವೂ ಅವನ ಶನಿವಾರವನ್ನೇ ಕಾದುಕೊಂಡಿರುವುವು. ಹೀಗಾಗಿ ಆ ಒಂದು ದಿನದಲ್ಲಿ ಪುಸ್ತಕಕ್ಕೂ ಸುತ್ತಿಗೆಗೂ ಹಳೆಯದೊಂದು ವ್ಯಾಜ್ಯವುಂಟು. ಆ ವ್ಯಾಜ್ಯವು ಯೂರೋಪು ಅಮೇರಿಕಗಳ ಕೆಲವು ಪಾದ್ರಿಮನೆಗಳಲ್ಲಿ ಹೇಗೆ ನಡೆಯಿತು, ಅದರಿಂದ ಲೋಕಕ್ಕೆ ಏನೇನು ಒದಗಿತು, ನಮ್ಮ ಮಂಗಳೂರಿನವರೆಗೆ ಅದರ ಸದ್ದು ಹೇಗೆ ಮುಟ್ಟಿತು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಧರ್ಮವನ್ನೂ ಕೈಗೆಲಸವನ್ನೂ ಒಂದೇ ನೂಲಿನಲ್ಲಿ ಪೋಣಿಸುವುದು ಕನ್ನಡಿಗರಿಗೆ ಹೊಸದಲ್ಲ. ಜೇಡರ ದಾಸಿಮಯ್ಯನು ಮಗ್ಗವನ್ನು ಬಿಡದೆಯೇ ವಚನಕಾರನಾದನು. ನುಲಿಯ ಚಂದಯ್ಯನು ಹಗ್ಗ ಹೊಸೆಯುತ್ತಲೇ ಶರಣನಾದನು. ಆದರೆ ಇಲ್ಲಿ ಕಸುಬಿನವನು ಅನುಭಾವಿಯಾದರೆ ಅಲ್ಲಿ ಧರ್ಮೋಪದೇಶಕ್ಕೆಂದೇ ಸಂಬಳ ಪಡೆದವನು ಕಸುಬಿಗೆ ಕೈಹಾಕಿದನು. ವ್ಯತ್ಯಾಸವು ಸಣ್ಣದಲ್ಲ. ಶರಣನಿಗೆ ಕಾಯಕವೇ ಪೂಜೆಯಾದುದರಿಂದ ಅವನಲ್ಲಿ ಹೊತ್ತಿನ ಲೆಕ್ಕ ಏಳುವುದಿಲ್ಲ. ಪಾದ್ರಿಯನ್ನಾದರೋ ಊರವರು ಕೇಳಬಹುದು: ಸಭೆಗೆ ಸಲ್ಲಬೇಕಾದ ಹೊತ್ತನ್ನು ಯಂತ್ರಕ್ಕೆ ಕೊಡುವುದು ಕಳವಲ್ಲವೆ? ಊರವರು ಕೇಳದಿದ್ದರೂ ಅವನ ಅಂತಃಕರಣವು ಕೇಳದೆ ಬಿಡದು.

ಮೊದಲಿಗೆ ಪ್ರಯಾಣದ ಮಾತು. ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು (೧೭೦೩–೧೭೯೧) ಒಂದೇ ಇಗರ್ಜಿಗೆ ಕಟ್ಟುಬೀಳದೆ ಇಂಗ್ಲೆಂಡಿನ ಉದ್ದಗಲಗಳಲ್ಲಿ ಕುದುರೆಯ ಮೇಲೆ ಸಂಚರಿಸಿದನು. ಜೀವಮಾನದಲ್ಲಿ ಎರಡೂವರೆ ಲಕ್ಷ ಮೈಲಿಗಳ ಸವಾರಿ, ನಾಲ್ವತ್ತು ಸಾವಿರ ಪ್ರಸಂಗಗಳು ಎಂದು ಸಾಮಾನ್ಯವಾದ ಎಣಿಕೆ. ಅಧ್ಯಯನಕ್ಕೆ ಕೊಠಡಿಯಿಲ್ಲದ ಈ ಮನುಷ್ಯನು ಕುದುರೆಯ ಲಗಾಮನ್ನು ಸಡಿಲಬಿಟ್ಟು ಬೆನ್ನಿನ ಮೇಲೆಯೇ ಕಾವ್ಯ, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಓದಿದನು. ಲಗಾಮನ್ನು ಬಿಗಿಹಿಡಿದವರ ಕುದುರೆಯೇ ಹೆಚ್ಚಾಗಿ ಎಡವುವುದೆಂದು ಆತನ ಅನುಭವ. ಮುಪ್ಪಿನಲ್ಲಿ ಗಾಡಿಯನ್ನು ಆಶ್ರಯಿಸಬೇಕಾಗಿ ಬಂದಾಗ ಅದರಲ್ಲಿಯೂ ಪುಸ್ತಕದ ಗೂಡನ್ನು ಮಾಡಿಸಿಕೊಂಡನಂತೆ. ವೆಸ್ಲಿಗೆ ವಾರದ ಏಳು ದಿನವೂ ಶನಿವಾರವೇ ಎನ್ನಬಹುದು. ಆದರೆ ಆತನು ಯಂತ್ರವನ್ನು ಮಾಡಿದವನಲ್ಲ; ಮಾಡಿದವರ ಕಡೆಗೆ ಈಗ ಹೊರಳೋಣ.

ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿ ಫಿಲಿಪ್ ಮಾತೇಯಸ್ ಹಾನ್ ಎಂಬವನು ೧೭೩೯ರಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದನು. ಬಾಲ್ಯದಿಂದಲೇ ಅವನಿಗೆ ನೆರಳುಗಡಿಯಾರಗಳ ಹುಚ್ಚು. ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ದೈವಶಾಸ್ತ್ರವನ್ನು ಓದಿ, ೧೭೬೪ರಲ್ಲಿ ಓನ್‌ಸ್ಟ್‌ಮೆಟಿಂಗೆನ್ ಎಂಬ ಬೆಟ್ಟದ ಹಳ್ಳಿಗೆ ಪಾದ್ರಿಯಾಗಿ ಬಂದನು. ಅಲ್ಲಿಯ ಶಾಲೆಯ ಉಪಾಧ್ಯಾಯನಾದ ಫಿಲಿಪ್ ಗಾಟ್‌ಫ್ರೀಡ್ ಶೌಟ್ ಎಂಬವನು ಕೈಚಳಕದಲ್ಲಿ ಅಸಾಧಾರಣನು. ಪಾದ್ರಿಯ ಲೆಕ್ಕ, ಉಪಾಧ್ಯಾಯನ ಅರ: ಇವೆರಡೂ ಕೂಡಿ ಗ್ರಹಗಳ ಚಲನವನ್ನು ತೋರಿಸುವ ಗಡಿಯಾರಗಳು ಹುಟ್ಟಿದುವು. ಸೀಮೆಯ ದೊರೆಯಾದ ಕಾರ್ಲ್ ಓಯ್ಗೆನ್ ಡ್ಯೂಕನಿಗಾಗಿ ೧೭೬೯ರಲ್ಲಿ ಸಿದ್ಧವಾದ ಭಾರಿಯ ಖಗೋಲಯಂತ್ರವನ್ನು ಕಂಡು ದೊರೆಯು ಸಂತೋಷಪಟ್ಟು, ಮರುವರುಷ ಹೆಚ್ಚಿನ ಉತ್ಪನ್ನವುಳ್ಳ ಕಾರ್ನ್‌ವೆಸ್ಟ್‌ಹೈಮ್ ಸಭೆಯನ್ನು ಹಾನನಿಗೆ ಕೊಟ್ಟನು. ಪ್ರಸಂಗದಿಂದಲ್ಲ, ಹಲ್ಲುಗಾಲಿಗಳಿಂದ ಪಾದ್ರಿಗೆ ಬಡತಿ ದೊರೆತುದು ವಿಚಿತ್ರವಲ್ಲವೆ?

ಆ ಯಂತ್ರದಲ್ಲಿ ಒಂದು ಸ್ವಾರಸ್ಯವುಂಟು. ಬೆಂಗೆಲ್ ಎಂಬ ಆ ಸೀಮೆಯ ಪೂಜ್ಯ ಪಂಡಿತನು ವೇದಪುಸ್ತಕದ ಸಂಖ್ಯೆಗಳನ್ನು ಕೂಡಿ ಕಳೆದು, ಈಗಿನ ಯುಗವು ೧೮೩೬ರಲ್ಲಿ ಮುಗಿದು ಕ್ರಿಸ್ತನ ಸಾವಿರ ವರುಷದ ಆಳಿಕೆಯು ಮೊದಲಾಗುವುದೆಂದು ನಿರ್ಣಯಿಸಿದ್ದನು. ಹಾನನು ಅವನ ಶಿಷ್ಯಪರಂಪರೆಗೆ ಸೇರಿದವನಾದುದರಿಂದ ಈ ಕಾಲಗಣನೆಯೂ ಯಂತ್ರದ ಮುಖದಲ್ಲಿ ಎಡೆಪಡೆಯಿತು. ಹೀಗೆ ಆತನ ಕೈಯಲ್ಲಿ ಯಂತ್ರವೇ ಹಿತ್ತಾಳೆಯ ಪ್ರಸಂಗವಾಗಿದ್ದಿತು. ದೇವರ ಸೃಷ್ಟಿಯ ಕ್ರಮವನ್ನು ಕಣ್ಣಿಗೆ ಕಾಣಿಸುವ ಸಾಧನವೆಂದೇ ಆತನು ಅದನ್ನು ಭಾವಿಸಿದನು.

ಗ್ರಹಗಳ ಗತಿಗೆ ಸರಿಹೊಂದುವಂತೆ ಗಾಲಿಗಳ ಹಲ್ಲುಗಳನ್ನು ನಿಶ್ಚಯಿಸಬೇಕಾದರೆ ಉದ್ದುದ್ದನೆಯ ಭಿನ್ನರಾಶಿಗಳ ಗುಣಾಕಾರ ಭಾಗಾಕಾರಗಳು ಬೇಕು. ಅವುಗಳಲ್ಲಿ ದಿನಗಟ್ಟಲೆ ಹೊತ್ತು ಹಾಳಾಗುತ್ತಿದ್ದುದರಿಂದ ಲೆಕ್ಕವನ್ನೇ ಯಂತ್ರಕ್ಕೆ ಒಪ್ಪಿಸುವ ಯೋಚನೆ ಹಾನನಿಗೆ ಬಂದಿತು. ಲೈಬ್ನಿಟ್ಸನು ನೂರು ವರುಷಗಳ ಹಿಂದೆ ಮಾಡಲೆಳಸಿದ್ದ ಯಂತ್ರವು ನಂಬಿಕೆಗೆ ಅರ್ಹವಾಗಿ ಓಡಿರಲಿಲ್ಲ. ಹತ್ತು ತುಂಬಿದಾಗ ದಶಕವು ಮುಂದಿನ ಮನೆಗೆ ದಾಟುವುದೇ ಅದರಲ್ಲಿ ತೊಡಕು. ಒಂದು ಮನೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ದಾಟಬೇಕಾದಾಗ ಗಾಲಿಗಳು ನಡುದಾರಿಯಲ್ಲಿ ಸಿಕ್ಕಿಕೊಳ್ಳುವುವು. ಹಾನನು ಮೆಟ್ಟಿಲು ಮೆಟ್ಟಿಲಾಗಿ ಹಲ್ಲುಳ್ಳ ಉರುಳೆಗಳನ್ನು ಸಾಲಾಗಿಡದೆ ದುಂಡನೆಯ ಡಬ್ಬಿಯೊಳಗೆ ವೃತ್ತಾಕಾರವಾಗಿ ನಿಲ್ಲಿಸಿ, ನಡುವೆ ಒಂದೇ ಹಿಡಿಯಿಂದ ತಿರುಗುವಂತೆ ಮಾಡಿದನು. ೧೭೭೪ರ ಹೊತ್ತಿಗೆ ಯಂತ್ರವು ನಡೆಯತೊಡಗಿತು. ೧೭೭೯ರಲ್ಲಿ ಅದರ ವರ್ಣನೆಯನ್ನು ವೀಲಾಂಡ್ ಕವಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಆತನ ಬಂಧುವಾದ ಶೂಸ್ಟರ್ ಎಂಬ ಗಡಿಯಾರದವನು ಅದೇ ಮಾದರಿಯನ್ನು ಮುಂದುವರಿಸಿದನು. ಓನ್‌ಸ್ಟ್‌ಮೆಟಿಂಗೆನ್ನಿನ ಸುತ್ತಿನ ಬೆಟ್ಟಗಳಲ್ಲಿ ತಕ್ಕಡಿ ಮಾಡುವ ಕೈಗಾರಿಕೆಯು ಇಂದಿಗೂ ಹೆಸರುವಾಸಿಯಾಗಿದೆ; ಅದರ ಬೀಜವೂ ಹಾನನು ಕಲ್ಪಿಸಿದ ತಕ್ಕಡಿಯೇ.

ಇಷ್ಟೆಲ್ಲ ಆದರೂ ಆತನ ದಿನಚರಿಯನ್ನು ನೋಡಿದವರಿಗೆ ಕಾಣುವುದು ವಿಜಯೋತ್ಸಾಹವಲ್ಲ, ಕಳವಳ. ತಾನು ದೇವರ ರಾಜ್ಯಕ್ಕೆ ಸಲ್ಲಬೇಕಾದವನು. ಈ ಗಾಲಿಗಳು ತನ್ನನ್ನು ಎಳೆದುಕೊಂಡು ಹೋಗುತ್ತಿವೆಯಲ್ಲ ಎಂಬ ಚಿಂತೆ ಅದರಲ್ಲಿ ಮರುಕಳಿಸುವುದು. ಅದಕ್ಕಾಗಿ ಕೆಲಸವನ್ನು ತಮ್ಮಂದಿರಿಗೂ ಕೂಲಿಯ ಕುಶಲರಿಗೂ ಒಪ್ಪಿಸಿ, ತಾನು ಲೆಕ್ಕವನ್ನೂ ಮೇಲ್ವಿಚಾರಣೆಯನ್ನೂ ಮಾತ್ರ ಇಟ್ಟುಕೊಂಡನು. ಪಾದ್ರಿಮನೆಯೇ ಯಂತ್ರಶಾಲೆಯಾಯಿತು. ಅದರ ಭಾರವು ಗೃಹಿಣಿಯ ಮೇಲೆ ಎಷ್ಟು ಬಿದ್ದಿತೆಂಬುದನ್ನು ಚರಿತ್ರಕಾರರು ಸಾಮಾನ್ಯವಾಗಿ ಎಣಿಸುವುದಿಲ್ಲ. ಮೊದಲನೆಯ ಹೆಂಡತಿಯು ೧೭೭೫ರಲ್ಲಿ ತೀರಿಕೊಂಡಳು. ಎರಡನೆಯವಳಾದ ಬೆಯಾಟೆಯು ಫ್ಲಾಟಿಖ್ ಎಂಬ ಪ್ರಸಿದ್ಧ ಪಾದ್ರಿಯ ಮಗಳು. ಮಕ್ಕಳು, ಕೆಲಸಗಾರರು, ಯಂತ್ರ ನೋಡಲು ಬರುವ ದೊಡ್ಡ ಮನುಷ್ಯರು, ಉಪದೇಶ ಕೇಳಲು ಬರುವ ಬಡ ಭಕ್ತರು, ಇವರೆಲ್ಲರ ನಡುವೆ ಆಕೆಯ ಶನಿವಾರವು ಹೇಗಿದ್ದಿತೆಂಬುದನ್ನು ಮನೆಯಾಳುವವರು ಊಹಿಸಿಕೊಳ್ಳಬಲ್ಲರು. ದೊರೆಯು ಯಂತ್ರಗಳನ್ನು ಮೆಚ್ಚಿದನು; ಧರ್ಮಾಧಿಕಾರಿಗಳ ಮಂಡಲಿಯಾದರೋ ೧೭೮೧ರಲ್ಲಿ ಆತನ ಧರ್ಮಗ್ರಂಥಗಳ ಮೇಲೆ ಆಕ್ಷೇಪವೆತ್ತಿತು. ಯಾವುದಕ್ಕಾಗಿ ತಾನು ಬದುಕಿದನೆಂದು ತಿಳಿದಿದ್ದನೋ ಅದರಲ್ಲಿಯೇ ಆತನಿಗೆ ಪೆಟ್ಟು ಬಿದ್ದಿತು. ೧೭೯೦ರಲ್ಲಿ, ಐವತ್ತನೆಯ ವಯಸ್ಸಿನಲ್ಲಿ, ಎಖ್ಟರ್ಡಿಂಗೆನ್ನಿನಲ್ಲಿ ಹಾನನು ಮಡಿದನು.

ಇಂಗ್ಲೆಂಡಿನ ಎಡ್ಮಂಡ್ ಕಾರ್ಟ್‌ರೈಟನ ಕಥೆಯನ್ನು ಹಲವರು ಬಲ್ಲರು. ಲೆಸ್ಟರ್‌ಶೈರಿನ ಹಳ್ಳಿಯೊಂದರ ಪಾದ್ರಿಯಾದ ಈತನು ನಾಲ್ವತ್ತು ವರುಷ ದಾಟುವವರೆಗೆ ಕವಿತೆ ಬರೆದುಕೊಂಡಿದ್ದವನು. ಮಗ್ಗ ನಡೆಯುವುದನ್ನು ಕಂಡವನೂ ಅಲ್ಲ. ೧೭೮೪ರಲ್ಲಿ ಆರ್ಕ್‌ರೈಟನ ನೂಲಿನ ಗಿರಣಿಗಳ ವಿಷಯವಾಗಿ ಕೇಳಿ, ನೇಯುವುದಕ್ಕೂ ಯಂತ್ರವಾಗಲಾರದೇಕೆ ಎಂದು ವಾದ ಹೂಡಿ, ಮರುವರುಷವೇ ಯಂತ್ರಮಗ್ಗಕ್ಕೆ ಸನದು ಪಡೆದನು. ಡಾಂಕಾಸ್ಟರಿನಲ್ಲಿ ತೆರೆದ ಕಾರ್ಖಾನೆಯು ಆತನನ್ನು ದಿವಾಳಿಯ ಅಂಚಿಗೆ ತಂದಿತು. ೧೮೦೯ರಲ್ಲಿ ಪಾರ್ಲಿಮೆಂಟು ಹತ್ತು ಸಾವಿರ ಪೌಂಡುಗಳನ್ನು ಕೊಟ್ಟು ಮಾನವುಳಿಸಿತು. ಆತನ ಯಂತ್ರದ ಸಂತತಿಯು ಕೈಮಗ್ಗದವರ ಅನ್ನವನ್ನು ಎಷ್ಟು ಮಟ್ಟಿಗೆ ಕಿತ್ತುಕೊಂಡಿತೆಂಬುದನ್ನು ನಮ್ಮ ನಾಡಿನ ನೇಕಾರರಿಗೆ ಹೇಳಿಕೊಡಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಬೆಲ್ಲನನ್ನು ನೆನೆಯಬೇಕು. ದೈವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗಲೇ ೧೮೨೮ರಲ್ಲಿ ಆತನು ಪೈರು ಕೊಯ್ಯುವ ಯಂತ್ರವನ್ನು ಮಾಡಿದನು. ಅದಕ್ಕೆ ಸನದನ್ನು ಪಡೆಯಲೇ ಇಲ್ಲ. ರೈತರು ಬೇಕಾದವರು ನೋಡಿ ಮಾಡಿಕೊಳ್ಳಲಿ ಎಂದು ಬಿಟ್ಟುಕೊಟ್ಟು, ಮುಂದೆ ಕಾರ್ಮೈಲಿ ಎಂಬ ಊರಿನ ಪಾದ್ರಿಯಾಗಿ ಸುಮ್ಮನಿದ್ದುಬಿಟ್ಟನು.

ಅದೇ ಸ್ಕಾಟ್ಲೆಂಡಿನ ರಾಬರ್ಟ್ ಸ್ಟರ್ಲಿಂಗನು (೧೭೯೦–೧೮೭೮) ಇವರೆಲ್ಲರಿಗಿಂತ ಹೆಚ್ಚು ಸಮಚಿತ್ತನೆಂದು ನನಗೆ ತೋರುವುದು. ೧೮೧೬ರ ಸೆಪ್ಟೆಂಬರ್ ತಿಂಗಳಲ್ಲಿ ಆತನಿಗೆ ಕಿಲ್ಮಾರ್ನಾಕಿನ ಇಗರ್ಜಿಯಲ್ಲಿ ಪಾದ್ರಿಯ ದೀಕ್ಷೆಯಾಯಿತು. ಅದೇ ತಿಂಗಳಲ್ಲಿ ಆತನು ಬಿಸಿಗಾಳಿಯ ಎಂಜಿನಿಗೆ ಸನದನ್ನೂ ಬೇಡಿದನು. ಆ ಕಾಲದ ಉಗಿಯಂತ್ರಗಳ ಕೊಪ್ಪರಿಗೆಗಳು ಕೀಳುದರದ ಕಬ್ಬಿಣದವಾದುದರಿಂದ ಒತ್ತಡವನ್ನು ತಾಳಲಾರದೆ ಸಿಡಿದು ಕೆಲಸಗಾರರನ್ನು ಬಲಿತೆಗೆದುಕೊಳ್ಳುತ್ತಿದ್ದುವು. ಸ್ಟರ್ಲಿಂಗನ ಎಂಜಿನಿನಲ್ಲಿ ನೀರಿಲ್ಲ, ಉಗಿಯಿಲ್ಲ. ಮುಚ್ಚಿದ ಕೊಳವೆಯೊಳಗಿನ ಅದೇ ಗಾಳಿಯು ಒಂದು ತುದಿಯಲ್ಲಿ ಕಾದು ಹಿಗ್ಗಿ ಆಡುಗೊರಡನ್ನು ತಳ್ಳುವುದು. ಇನ್ನೊಂದು ತುದಿಯಲ್ಲಿ ತಣಿದು ಕುಗ್ಗುವುದು. ಈ ಹೋಗಿಬರುವ ದಾರಿಯಲ್ಲಿ ಆತನು ಶಾಖವನ್ನು ಹಿಡಿದಿಟ್ಟುಕೊಳ್ಳುವ ಒಂದು ಅಂಗವನ್ನಿರಿಸಿದನು. ಬಿಸಿಗಾಳಿಯು ತಂಪಿನ ಕಡೆಗೆ ಹೋಗುವಾಗ ತನ್ನ ಶಾಖವನ್ನು ಅಲ್ಲಿ ಅಡವಿಟ್ಟು, ಮರಳುವಾಗ ಬಿಡಿಸಿಕೊಂಡು ಬರುವುದು. ಹಾಳಾಗುವ ಕಾವನ್ನು ಉಳಿಸುವ ಈ ಜಾಣತನವು ಇಂದಿನ ಉಷ್ಣಯಂತ್ರಶಾಸ್ತ್ರಕ್ಕೂ ಮಾನ್ಯವಾದುದು.

೧೮೧೮ರಲ್ಲಿ ಇಂತಹ ಎಂಜಿನೊಂದು ಏರ್‌ಶೈರಿನ ಕಲ್ಲಿನ ಗಣಿಯಲ್ಲಿ ನೀರೆತ್ತಿತು. ೧೮೨೪ರಿಂದ ಸ್ಟರ್ಲಿಂಗನು ಗಾಲ್‌ಸ್ಟನ್ ಎಂಬ ಊರಿನ ಪಾದ್ರಿಯಾಗಿ, ಐವತ್ತಕ್ಕೂ ಮೇಲ್ಪಟ್ಟ ವರುಷಗಳನ್ನು ಅಲ್ಲಿಯೇ ಕಳೆದನು. ತಮ್ಮನಾದ ಜೇಮ್ಸನು ಡಂಡಿಯ ಎರಕದ ಕಾರ್ಖಾನೆಯಲ್ಲಿ ಅಧಿಕಾರಿ. ಅಣ್ಣನು ಪಾದ್ರಿಮನೆಯಲ್ಲಿ ಕುಳಿತು ಯೋಚಿಸಿದುದನ್ನು ಅವನು ಲೋಹದಲ್ಲಿ ಎರಕಹೊಯ್ದನು. ೧೮೪೩ರಲ್ಲಿ ಆ ಕಾರ್ಖಾನೆಯನ್ನೇ ನಡೆಯಿಸುವ ದೊಡ್ಡ ಗಾಳಿ ಎಂಜಿನು ಸಿದ್ಧವಾಯಿತು. ಆದರೆ ಬೆಂಕಿಗೆ ಒಡ್ಡಿದ ಕೊಪ್ಪರಿಗೆಯ ತಳವು ಮತ್ತೆ ಮತ್ತೆ ಬಿರಿಯಿತು. ನಾಲ್ಕು ವರುಷಗಳಲ್ಲಿ ಅದನ್ನು ಕಿತ್ತುಹಾಕಿ ಉಗಿಯಂತ್ರವನ್ನೇ ಮರಳಿ ಕೂರಿಸಿದರು. ಯೋಜನೆಯಲ್ಲಿ ದೋಷವಿರಲಿಲ್ಲ; ಅದಕ್ಕೆ ತಕ್ಕ ಲೋಹವು ಇನ್ನೂ ಹುಟ್ಟಿರಲಿಲ್ಲ. ೧೮೭೬ರಲ್ಲಿ, ಎಂಬತ್ತಾರರ ಮುಪ್ಪಿನಲ್ಲಿ ಬರೆದ ಪತ್ರದಲ್ಲಿ ಸ್ಟರ್ಲಿಂಗನು ಬೆಸಮರನ ಉಕ್ಕನ್ನು ಹೊಗಳಿ, ಅದು ಆಗಲೇ ದೊರೆತಿದ್ದರೆ ತನ್ನ ಎಂಜಿನು ಗೆಲ್ಲುತ್ತಿದ್ದಿತೆಂಬ ಅಭಿಪ್ರಾಯವನ್ನು ಸೂಚಿಸಿದನು. ಮೂವತ್ತು ವರುಷಗಳ ಹಿಂದಿನ ಸೋಲಿನ ವಿಷಯದಲ್ಲಿ ಇಷ್ಟು ತಣ್ಣಗೆ ಬರೆಯಬಲ್ಲವರು ಅಪರೂಪ. ಮಕ್ಕಳಲ್ಲಿ ಪ್ಯಾಟ್ರಿಕನೂ ಜೇಮ್ಸನೂ ರೈಲ್ವೆ ಎಂಜಿನುಗಳ ನಿರ್ಮಾಣದಲ್ಲಿ ಕೀರ್ತಿವಂತರಾದರು. ಪ್ಯಾಟ್ರಿಕನು ೧೮೭೦ರಲ್ಲಿ ಮಾಡಿದ ಎಂಜಿನಿನ ಚಾಲಕಚಕ್ರದ ವ್ಯಾಸವು ಎಂಟು ಅಡಿ. ಪಾದ್ರಿಯ ಗಾಳಿ ಎಂಜಿನಾದರೋ ಸತ್ತುಹೋಗಲಿಲ್ಲ. ಸದ್ದಿಲ್ಲದೆ ಓಡುವ ಗುಣದಿಂದಾಗಿ ೧೯೯೦ರ ದಶಕದಲ್ಲಿ ಸ್ವೀಡನ್ ದೇಶದವರು ಅದನ್ನು ಗಾಟ್ಲಂಡ್ ವರ್ಗದ ಜಲಾಂತರ್ಗಾಮಿ ಹಡಗುಗಳಲ್ಲಿ ಕೂರಿಸಿದರು. ಜೀವ ಉಳಿಸಲೆಂದು ಹುಟ್ಟಿದ ಯಂತ್ರವು ಯುದ್ಧನೌಕೆಯ ಹೊಟ್ಟೆಯನ್ನು ಸೇರಿತು.

ಯಂತ್ರಕ್ಕೆ ಮರುಳಾಗದೆ ಶನಿವಾರವನ್ನು ಪ್ರಸಂಗಕ್ಕೇ ಮೀಸಲಿಟ್ಟವರ ಮಾತನ್ನೂ ಹೇಳದಿದ್ದರೆ ನ್ಯಾಯವಾಗದು. ಲಂಡನ್ನಿನ ಚಾರ್ಲ್ಸ್ ಸ್ಪರ್ಜನನು (೧೮೩೪–೧೮೯೨) ಸಾವಿರಾರು ಜನ ಹಿಡಿಯುವ ಮಂದಿರದಲ್ಲಿ ಪ್ರಸಂಗ ಮಾಡುತ್ತಿದ್ದವನು. ಶನಿವಾರ ಮಧ್ಯಾಹ್ನ ಅತಿಥಿಗಳನ್ನು ಆದರದಿಂದ ಕಾಣುವನು. ಸಂಜೆಯಾದೊಡನೆ ಅವರೆಲ್ಲರೂ ಹೊರಡಬೇಕು. ಆಮೇಲೆ ಆತನು ಓದುವ ಕೊಠಡಿಯನ್ನು ಸೇರಿ, ಮರುದಿನದ ವಚನ ಯಾವುದೆಂದು ಹೆಣಗಾಡುವನು. ವಚನವು ಸಿಕ್ಕಿದ ಮೇಲೆ ಹೆಂಡತಿಯಾದ ಸುಸಾನಳನ್ನು ಕರೆದು ವ್ಯಾಖ್ಯಾನಗಳನ್ನು ಓದಿಸಿ ಕೇಳುವನು. ಪೀಠಕ್ಕೆ ಒಯ್ಯುತ್ತಿದ್ದುದು ಚಿಕ್ಕ ಕಾಗದದ ತುಂಡೊಂದರ ಮೇಲಿನ ಟಿಪ್ಪಣಿ ಮಾತ್ರ. ಮಿಕ್ಕುದೆಲ್ಲ ನಾಲಗೆಯ ಮೇಲೆ. ಶೀಘ್ರಲಿಪಿಯವರು ಬರೆದುಕೊಂಡುದನ್ನು ಸೋಮವಾರ ತಿದ್ದಿ ಅಚ್ಚಿಗೆ ಕಳುಹಿಸುವನು. ವಾರಕ್ಕೊಂದರಂತೆ ಒಂದು ಪೆನ್ನಿಗೆ ಮಾರಾಟವಾದ ಆ ಪ್ರಸಂಗಗಳು ಆತನು ತೀರಿಕೊಂಡ ಮೇಲೂ ೧೯೧೭ರವರೆಗೆ ಹೊರಬರುತ್ತಿದ್ದು, ಮಹಾಯುದ್ಧದ ಕಾಗದದ ಬರದಿಂದ ನಿಂತುವು. ಒಟ್ಟು ಸಂಖ್ಯೆ ಮೂರೂವರೆ ಸಾವಿರಕ್ಕೆ ಮೇಲ್ಪಟ್ಟುದು. ಆದರೆ ಇಲ್ಲಿಯೂ ಒಂದು ಯಂತ್ರದ ಉಪಕಾರವಿದೆ: ಮುದ್ರಣಯಂತ್ರವಿಲ್ಲದಿದ್ದರೆ ಶನಿವಾರ ರಾತ್ರಿಯ ಆ ಹೆಣಗಾಟವು ಮಂದಿರದ ಗೋಡೆಗಳೊಳಗೇ ಅಡಗಿಹೋಗುತ್ತಿದ್ದಿತು.

ಇನ್ನು ನಮ್ಮ ಕಡೆಗೆ. ಬೆಂಗೆಲನು ಯುಗಾಂತ್ಯವೆಂದು ಗುಣಿಸಿದ ೧೮೩೬ನೆಯ ಇಸವಿಯಲ್ಲಿ ಯುಗವು ಮುಗಿಯಲಿಲ್ಲ. ಅದಕ್ಕೆ ಬದಲಾಗಿ ಅದೇ ವ್ಯುರ್ಟೆಂಬರ್ಗಿನ, ಅದೇ ಟ್ಯೂಬಿಂಗೆನ್ನಿನಲ್ಲಿ ಓದಿದ ಹೆರ್ಮಾನ್ ಮ್ಯೋಗ್ಲಿಂಗನು ಮಂಗಳೂರಿಗೆ ಬಂದಿಳಿದನು. ಬಾಸೆಲ್ ಮಿಶನ್ನಿನ ಮೊದಲಿಗರು ೧೮೩೪ರಲ್ಲಿಯೇ ಅಲ್ಲಿಗೆ ಬಂದಿದ್ದರು. ೧೮೪೧ರಲ್ಲಿ ಕಲ್ಲಚ್ಚಿನ ಯಂತ್ರವು ಬಂದಿತು. ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವು ಮ್ಯೋಗ್ಲಿಂಗನ ಕೈಯಿಂದ ಹೊರಟಿತು. ೧೮೯೪ರಲ್ಲಿ ಕಿಟ್ಟೆಲನ ನಿಘಂಟು ಅದೇ ಮಿಶನ್ನಿನ ಮುದ್ರಣಾಲಯದಲ್ಲಿ ಅಚ್ಚಾಯಿತು. ಹೀಗೆ ಕನ್ನಡ ಸಾಹಿತ್ಯದ ಮೇಲಿನ ಅವರ ಋಣವು ಅರ್ಧ ಪಾಂಡಿತ್ಯದ್ದು, ಅರ್ಧ ಅಚ್ಚಿನ ಮೊಳೆಗಳದ್ದು.

ಆದರೆ ಅಲ್ಲಿ ಕೈಗೆಲಸವು ಬೆಳೆದುದು ಪಾದ್ರಿಗಳ ಹುಚ್ಚಿನಿಂದಲ್ಲ, ಹೊಟ್ಟೆಯ ಪ್ರಶ್ನೆಯಿಂದ. ಮತಾಂತರ ಹೊಂದಿದವರು ಜಾತಿಯಿಂದ ಹೊರಬಿದ್ದು ಕಸುಬನ್ನೂ ಒಕ್ಕಲುತನವನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ಕಾಣಿಸದೆ ಪ್ರಸಂಗ ಹೇಳುವುದು ಎಷ್ಟರ ಮಾತು? ಹಾಲರ್ ಎಂಬ ನೇಕಾರನು ೧೮೫೧ರಲ್ಲಿ ಬಂದು ಹೊಸ ರೀತಿಯ ಮಗ್ಗಗಳನ್ನು ಹೂಡಿದನು. ಮುದ್ರಣಾಲಯಕ್ಕೆಂದು ಬಂದ ಜಾರ್ಜ್ ಪ್ಲೆಬ್‌ಸ್ಟನು ನೇತ್ರಾವತಿಯ ಜೇಡಿಯನ್ನು ಪರೀಕ್ಷಿಸಿ ೧೮೬೫ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಸುತ್ತಿಗೆಗೂ ಪುಸ್ತಕಕ್ಕೂ ಇರುವ ವ್ಯಾಜ್ಯವನ್ನು ಮಿಶನ್ನು ಆಳುಗಳನ್ನು ಬೇರೆ ಬೇರೆ ಮಾಡಿ ತೀರಿಸಿಕೊಂಡಿತು: ಉಪದೇಶದವರು ಬೇರೆ, ಉದ್ಯಮದವರು ಬೇರೆ. ಹಾನನ ಮನೆಯಲ್ಲಿ ಒಂದೇ ಎದೆಯೊಳಗೆ ನಡೆದ ಜಗಳವು ಮಂಗಳೂರಿನಲ್ಲಿ ಎರಡು ಖಾತೆಗಳಾಗಿ ಹರಿದುಹೋಯಿತು. ಇದು ಅನುಕೂಲದ ದಾರಿಯೇ ಹೌದು. ಆದರೆ ಪ್ರಸಂಗ ಹೇಳುವವರ ಕೈಯಲ್ಲಿಯೇ ಕೂಲಿ ಕೊಡುವ ಚೀಲವೂ ಇದ್ದರೆ ನಂಬಿಕೆಯೆಷ್ಟು, ನೌಕರಿಯೆಷ್ಟು ಎಂಬ ಸಂದೇಹವನ್ನು ಅದು ಪರಿಹರಿಸಲಾರದೆ ಹೋಯಿತು. ೧೯೧೪ರ ಮಹಾಯುದ್ಧದ ಬಳಿಕ ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು.

ಇತ್ತ ವೆಸ್ಲಿಯ ಕುದುರೆಗೆ ಉತ್ತರಾಧಿಕಾರಿಯು ಹುಟ್ಟಿದ್ದಿತು. ೧೮೧೭ರಲ್ಲಿ ಮಾನ್‌ಹೈಮಿನ ಅರಣ್ಯಾಧಿಕಾರಿ ಡ್ರೈಸನು ಎರಡು ಚಕ್ರದ ಮರದ ಗಾಡಿಯನ್ನು ಕಾಲಿನಿಂದ ನೂಕಿಕೊಂಡು ಓಡಿಸಿದನು. ೧೮೮೫ರಲ್ಲಿ ಸ್ಟಾರ್ಲಿಯ ರೋವರ್ ಬೈಸಿಕಲ್ಲು, ೧೮೮೮ರಲ್ಲಿ ಡನ್‌ಲಪನ ಗಾಳಿಯ ಟೈರು ಬಂದ ಮೇಲೆ ಈ ವಾಹನವು ಎಲ್ಲರದಾಯಿತು. ಹುಲ್ಲು ಹುರುಳಿಯ ಖರ್ಚಿಲ್ಲದ ಈ ಕುದುರೆಯು ಕಡಿಮೆ ಸಂಬಳದ ಹಳ್ಳಿಯ ಪಾದ್ರಿಗೆ ವರವೇ ಆಯಿತು; ಸರಪಣಿಗೆ ಎಣ್ಣೆ ಹಾಕುವುದು, ಟ್ಯೂಬಿಗೆ ತೇಪೆ ಹಚ್ಚುವುದು ಅವನ ಶನಿವಾರದ ಕೆಲಸಗಳಲ್ಲಿ ಸೇರಿದುವು. ಆದರೆ ಅದೇ ಬೈಸಿಕಲ್ಲು ಆದಿತ್ಯವಾರ ಸಭೆಯ ತರುಣರನ್ನು ಬಯಲಿನ ಕಡೆಗೆ ಒಯ್ದು ಇಗರ್ಜಿಯ ಬೆಂಚುಗಳನ್ನು ಬರಿದುಮಾಡುವುದೆಂಬ ಆಕ್ಷೇಪವೂ ೧೮೯೦ರ ದಶಕದಲ್ಲಿ ಪೀಠಗಳಿಂದ ಕೇಳಿಬಂದಿತು. ೧೯೦೮ರಿಂದ ೧೯೨೭ರವರೆಗೆ ಕೋಟಿಗೆ ಮೇಲ್ಪಟ್ಟು ಹೊರಬಂದ ಫೋರ್ಡ್ ಮೋಟಾರಿನ ಕಾಲದಲ್ಲಿಯೂ ಇದೇ ಕಥೆ ನಡೆಯಿತು.

ಬೈಸಿಕಲ್ಲನ್ನೂ ಯಂತ್ರದ ದುರಸ್ತಿಯನ್ನೂ ಸಬ್ಬತ್ ದಿನದ ನಿಷ್ಠೆಯನ್ನೂ ಒಂದೇ ಮನೆಯಲ್ಲಿ ನೋಡಬೇಕೆಂದರೆ ಅಮೇರಿಕದ ಡೇಟನ್ನಿಗೆ ಹೋಗಬೇಕು. ಅಲ್ಲಿಯ ಬಿಷಪ್ ಮಿಲ್ಟನ್ ರೈಟನಿಗೆ (೧೮೨೮–೧೯೧೭) ಸುತ್ತಿಗೆ ಹಿಡಿಯಲು ಬಾರದು. ಮನೆಯಲ್ಲಿ ಮುರಿದುದನ್ನು ಜೋಡಿಸುವ ಕೈ ಅವನ ಹೆಂಡತಿ ಸುಸಾನಳದು. ಸಭೆಯ ಕೆಲಸಕ್ಕೆಂದು ಊರೂರು ಸುತ್ತುತ್ತಿದ್ದ ತಂದೆಯು ೧೮೭೮ರಲ್ಲಿ ಮಕ್ಕಳಿಗೆ ಹಾರುವ ಆಟಿಕೆಯೊಂದನ್ನು ತಂದುಕೊಟ್ಟನು. ಆ ಮಕ್ಕಳಾದ ವಿಲ್ಬರ್, ಆರ್ವಿಲ್ಲರು ೧೮೯೨ರಲ್ಲಿ ಬೈಸಿಕಲ್ ಅಂಗಡಿಯನ್ನಿಟ್ಟು, ಮೊದಲು ದುರಸ್ತಿಯನ್ನು, ಬಳಿಕ ಸ್ವಂತ ಬೈಸಿಕಲ್ಲುಗಳ ನಿರ್ಮಾಣವನ್ನು ನಡೆಯಿಸಿದರು. ತಂದೆಯ ಸಭೆಯಲ್ಲಿ ಹಣದ ಲೆಕ್ಕದ ವಿಷಯವಾಗಿ ೧೯೦೨ರಲ್ಲಿ ದೊಡ್ಡ ಕಲಹವೆದ್ದಾಗ, ಹಾರುವ ಯಂತ್ರದ ಪ್ರಯೋಗಗಳ ನಡುವೆಯೇ ವಿಲ್ಬರನು ಕುಳಿತು ಖಾತೆಗಳನ್ನು ಪರಿಶೋಧಿಸಿ ತಂದೆಯ ಪಕ್ಷದಲ್ಲಿ ಬರೆದನು.

೧೯೦೩ರ ಡಿಸೆಂಬರ್ ೧೩ನೆಯ ದಿನ ಕಿಟಿಹಾಕಿನ ಮರಳುದಿಬ್ಬದಲ್ಲಿ ವಿಮಾನವು ಸಿದ್ಧವಾಗಿದ್ದಿತು, ಹವೆಯೂ ಹದವಾಗಿದ್ದಿತು. ಆದರೆ ಅಂದು ಆದಿತ್ಯವಾರ. ಸೋದರರು ಯಂತ್ರವನ್ನು ಮುಟ್ಟಲಿಲ್ಲ. ಸೋಮವಾರದ ಪ್ರಯತ್ನದಲ್ಲಿ ವಿಮಾನಕ್ಕೆ ಪೆಟ್ಟಾಯಿತು. ಅದನ್ನು ಸರಿಪಡಿಸಿ, ೧೭ನೆಯ ದಿನ ಗುರುವಾರ ಕೊರೆಯುವ ಗಾಳಿಯಲ್ಲಿ ಆರ್ವಿಲ್ಲನು ಹನ್ನೆರಡು ಸೆಕೆಂಡುಗಳ ಕಾಲ ೧೨೦ ಅಡಿ ಹಾರಿದನು. ಎಂಜಿನಿನಿಂದ ಪಂಖಗಳಿಗೆ ಶಕ್ತಿಯನ್ನು ಒಯ್ದುದು ಬೈಸಿಕಲ್ಲಿನ ರೀತಿಯ ಸರಪಣಿಯೇ. ಸುದ್ದಿಯ ತಂತಿಯು ಹೋದುದು ಬಿಷಪ್ ತಂದೆಗೆ.

ಸೋದರರು ಇಬ್ಬರೂ ಒಟ್ಟಿಗೆ ಹಾರಕೂಡದೆಂದು ತಂದೆಯ ಕಟ್ಟಳೆ. ೧೯೧೦ರ ಮೇ ೨೫ನೆಯ ದಿನ ಒಂದು ಸಲ ಮಾತ್ರ ಆತನು ಅದನ್ನು ಸಡಿಲಿಸಿದನು. ಅವರು ಇಳಿದುಬಂದ ಮೇಲೆ ಆರ್ವಿಲ್ಲನು ಎಂಬತ್ತೊಂದು ವರುಷದ ಮುದುಕ ತಂದೆಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಮೇಲಕ್ಕೆದ್ದನು. ಏಳು ನಿಮಿಷಗಳಿಗೆ ಸ್ವಲ್ಪ ಕಡಮೆಯಾದ ಆ ಹಾರಾಟದಲ್ಲಿ ವಿಮಾನವು ಸುಮಾರು ಮುನ್ನೂರೈವತ್ತು ಅಡಿ ಏರಿತು. ಮುದುಕನು ಹೆದರಿಯಾನೆಂದು ಮಗನಿಗೆ ಅಂಜಿಕೆ. ತಂದೆಯಾದರೋ ಮಗನ ಕಿವಿಗೆ ಬಾಗಿ, ಇನ್ನೂ ಮೇಲಕ್ಕೆ ಹೋಗೆಂದನು.